ಆಟೋಮ್ಯಾಟಿಕ್ ಗಾಡಿಯ ಇಂಜಿನ್‌ಗೆ ಮ್ಯಾನುಯಲ್ ಗೇರ್‌ಬಾಕ್ಸ್ ಕೂರುತ್ತಾ?

ತಿರುಗುಚಕ್ರ
ಎಲ್ಲರಿಗೂ ನಮಸ್ಕಾರ. ನನ್ನದು ಮ್ಯಾನುಯಲ್ ಗಾಡಿ, ಡ್ರೈವ್ ಹಿಂದಿನ ಚಕ್ರಕ್ಕೆ. ಹೋದ ತಿಂಗಳು ಕೂಲಂಟ್ ಪೈಪ್ ಒಡೆದು ಇಂಜಿನ್ ಬಿಸಿಯಾಗಿ ನಿಂತುಹೋಯಿತು. ಬ್ಲಾಕ್‌ನಲ್ಲೇ ಬಿರುಕು ಬಂದಿದೆ, ರಿಪೇರಿ ಆಗಲ್ಲ ಎಂದು ಲೇತ್‌ನವರು ಹೇಳಿಬಿಟ್ಟರು. ಹುಡುಕಿ ಹುಡುಕಿ ಅದೇ ಇಂಜಿನ್ ಇನ್ನೊಂದು ಸಿಕ್ಕಿತು. ಆದರೆ ಅದು ಆಟೋಮ್ಯಾಟಿಕ್ ಗಾಡಿಯಿಂದ ಇಳಿಸಿದ್ದು. ಮಾರಿದವರು "ಎಲ್ಲಾ ಒಂದೇ, ಏನೂ ಯೋಚನೆ ಬೇಡ" ಎಂದರು. ತಂದು ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಹಿಂಭಾಗ ಬೇರೆಯೇ ಇದೆ. ಫ್ಲೈವೀಲ್ (ಇಂಜಿನ್ ಹಿಂದಿನ ಭಾರದ ಚಕ್ರ) ಇರಬೇಕಾದ ಕಡೆ ತೆಳ್ಳಗಿನ ತಟ್ಟೆ ಇದೆ, ಸುತ್ತ ಹಲ್ಲು.

ನನ್ನ ಗೇರ್‌ಬಾಕ್ಸ್, ಕ್ಲಚ್, ವೈರಿಂಗ್ ಎಲ್ಲಾ ಚೆನ್ನಾಗಿವೆ. ಈ ಇಂಜಿನ್‌ಗೆ ನನ್ನ ಗೇರ್‌ಬಾಕ್ಸ್ ಕೂರುತ್ತಾ? ಏನೇನು ಬದಲಿಸಬೇಕು? ಕೂರಿಸಿದ ಮೇಲೆ ಮತ್ತೆ ಇಳಿಸುವ ಹಾಗೆ ಆಗಬಾರದು, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಹತ್ತುಹನ್ನೊಂದು ಪಾನಾ
ಧಾರಾಳವಾಗಿ ಕೂರುತ್ತೆ. ಹಳೇ ಇಂಜಿನ್‌ನಿಂದ ಫ್ಲೈವೀಲ್, ಕ್ಲಚ್ ಬಿಚ್ಚಿ ಇದಕ್ಕೆ ಹಾಕಿ, ಅಷ್ಟೆ. ನಾನು ಎರಡು ಸಲ ಮಾಡಿದ್ದೇನೆ.

ಲೇತ್ ಕೆಲಸ
"ಅಷ್ಟೆ" ಅಂದುಬಿಟ್ಟರೆ ಹೇಗೆ? ಎರಡು ಸಲ ನಿಮಗೆ ಸರಿಹೋಗಿರಬಹುದು, ಎಲ್ಲಾ ಇಂಜಿನ್‌ಗೂ ಹಾಗಾಗಲ್ಲ.

ತಿರುಗುಚಕ್ರ ಅವರೇ, ನೀವು ನೋಡಿದ ಆ ತೆಳು ತಟ್ಟೆಗೆ ಫ್ಲೆಕ್ಸ್ ಪ್ಲೇಟ್ ಅಂತಾರೆ. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಬದಲು ಇರುವ ಟಾರ್ಕ್ ಕನ್ವರ್ಟರ್ ಒಳಗೆ ಎಣ್ಣೆ ತುಂಬಿರುತ್ತೆ, ಆ ಭಾರವೇ ಫ್ಲೈವೀಲ್ ಕೆಲಸ ಮಾಡುತ್ತೆ. ಹಾಗಾಗಿ ಅಲ್ಲಿ ದಪ್ಪ ಫ್ಲೈವೀಲ್ ಬೇಕಾಗಲ್ಲ. ಅದನ್ನು ಬಿಚ್ಚಿ ನಿಮ್ಮ ಫ್ಲೈವೀಲ್ ಹಾಕುವುದು ಸುಲಭದ ಭಾಗ.

ಕಷ್ಟದ ಭಾಗ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ತುದಿಯಲ್ಲಿರುವ ತೂತು. ಮ್ಯಾನುಯಲ್ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ನ ಮೂತಿ ಆ ತೂತಿನಲ್ಲಿರುವ ಪೈಲಟ್ ಬೇರಿಂಗ್ ಒಳಗೆ ಕೂರಬೇಕು. ಆಟೋಮ್ಯಾಟಿಕ್‌ನಲ್ಲಿ ಶಾಫ್ಟ್ ಅಲ್ಲಿಗೆ ಬರೋದೇ ಇಲ್ಲ, ಕನ್ವರ್ಟರ್‌ನ ಮೂತಿ ಮಾತ್ರ ಸ್ವಲ್ಪ ಒಳಗೆ ಕೂರುತ್ತೆ. ಅದಕ್ಕೆ ಕೆಲವು ಇಂಜಿನ್‌ಗಳಲ್ಲಿ ಆಟೋಮ್ಯಾಟಿಕ್ ಕ್ರ್ಯಾಂಕ್‌ನ ತೂತನ್ನು ಪೂರ್ತಿ ಮೆಷಿನ್ ಮಾಡಿರಲ್ಲ. ವ್ಯಾಸ ಕಡಿಮೆ ಇರಬಹುದು, ಆಳ ಕಡಿಮೆ ಇರಬಹುದು, ಎರಡೂ ಇರಬಹುದು.

ನಿಮ್ಮ ಹತ್ತಿರ ಹಳೇ ಕ್ರ್ಯಾಂಕ್ ಇದೆಯಲ್ಲ, ಅದು ಒಳ್ಳೆ ಅನುಕೂಲ. ವರ್ನಿಯರ್ ತಗೊಂಡು ಎರಡರಲ್ಲೂ ತೂತಿನ ವ್ಯಾಸ, ಆಳ ಅಳೆದು ಇಲ್ಲಿ ಹಾಕಿ. ಅಳತೆ ಬಂದಮೇಲೆ ಮುಂದಿನ ಮಾತು.

ಹತ್ತುಹನ್ನೊಂದು ಪಾನಾ
ನಾನು ಮಾಡಿದ ಎರಡೂ ಮುಂದಿನ ಚಕ್ರದ ಡ್ರೈವ್ ಇರೋ ಗಾಡಿಗಳು. ಅವುಗಳಲ್ಲಿ ಪೈಲಟ್ ಬೇರಿಂಗೇ ಇರಲಿಲ್ಲ.

ಲೇತ್ ಕೆಲಸ
ಅದೇ ವಿಷಯ. ಮುಂದಿನ ಡ್ರೈವ್ ಗಾಡಿಗಳಲ್ಲಿ ತುಂಬಾ ಕಡೆ ಇನ್‌ಪುಟ್ ಶಾಫ್ಟ್ ಗಿಡ್ಡ. ಗೇರ್‌ಬಾಕ್ಸ್ ಒಳಗಿನ ಬೇರಿಂಗ್‌ಗಳೇ ಅದನ್ನು ಹಿಡಿದುಕೊಳ್ಳುತ್ತವೆ. ಇವರದ್ದು ಹಿಂದಿನ ಡ್ರೈವ್. ಉದ್ದದ ಶಾಫ್ಟ್, ತುದಿಗೆ ಆಸರೆ ಬೇಕೇ ಬೇಕು.

ಗ್ರೀಸ್ ಕೈ
ಈ ತೂತಿನ ವಿಷಯ ದಯವಿಟ್ಟು ಯಾರೂ ಹಗುರವಾಗಿ ತಗೋಬೇಡಿ. ನನ್ನ ಅನುಭವ ಹೇಳ್ತೀನಿ.

ನಾಲ್ಕೈದು ವರ್ಷದ ಹಿಂದೆ ನನ್ನ ಗಾಡಿಗೂ ಹೀಗೇ ಆಟೋಮ್ಯಾಟಿಕ್ ಇಂಜಿನ್ ಹಾಕಿಸಿದೆ. ಕೂರಿಸಿದವರು ಆಳ ಅಳೆದಿರಲಿಲ್ಲ. ಗೇರ್‌ಬಾಕ್ಸ್ ತಳ್ಳಿದಾಗ ಕೊನೇ 5 ಮಿಲಿಮೀಟರ್ ಒಳಗೆ ಹೋಗಲಿಲ್ಲ. ಬೆಲ್ ಹೌಸಿಂಗ್ (ಗೇರ್‌ಬಾಕ್ಸನ್ನು ಇಂಜಿನ್‌ಗೆ ಸೇರಿಸುವ ಗಂಟೆ ಆಕಾರದ ಕವಚ) ಬೋಲ್ಟ್ ಹಾಕಿ ಬಿಗಿ ಮಾಡುತ್ತಾ ಎಳೆದು ಸೇರಿಸಿಬಿಟ್ಟರು. ಗಾಡಿ ಓಡಿತು. ಆದರೆ ಶಾಫ್ಟ್‌ನ ತುದಿ ತೂತಿನ ತಳಕ್ಕೆ ತಾಗಿಕೊಂಡು ಕ್ರ್ಯಾಂಕನ್ನು ಸದಾ ಮುಂದಕ್ಕೆ ಒತ್ತುತ್ತಿತ್ತು. ಮೂರೇ ವಾರ. ಥ್ರಸ್ಟ್ ಬೇರಿಂಗ್ ಸವೆದು ಕ್ರ್ಯಾಂಕ್ ಹಿಂದೆ ಮುಂದೆ ಆಡತೊಡಗಿತು. ಕ್ಲಚ್ ಒತ್ತಿದರೆ ಇಂಜಿನ್ ಸದ್ದೇ ಬದಲಾಗುತ್ತಿತ್ತು. ಇಡೀ ಇಂಜಿನ್ ಮತ್ತೆ ಬಿಚ್ಚಬೇಕಾಯಿತು.

ಗೇರ್‌ಬಾಕ್ಸ್ ಕೈಯಲ್ಲಿ ತಳ್ಳಿದರೆ ಬ್ಲಾಕ್‌ಗೆ ಹೋಗಿ ಮುಟ್ಟಬೇಕು. ಹೋಗದಿದ್ದರೆ ನಿಲ್ಲಿಸಿ, ಏಕೆ ಅಂತ ನೋಡಿ. ಬೋಲ್ಟ್ ಇರುವುದು ಹಿಡಿದುಕೊಳ್ಳೋಕೆ, ಎಳೆಯೋಕಲ್ಲ.

ಶನಿವಾರದ ಮೆಕ್ಯಾನಿಕ್
ಗ್ರೀಸ್ ಕೈ ಹೇಳಿದ್ದಕ್ಕೆ ಒಂದು ಉಪಾಯ ಸೇರಿಸ್ತೀನಿ. ಪೈಲಟ್ ಬೇರಿಂಗ್ ಹಾಕುವ ಮೊದಲು ತೂತಿನ ತಳಕ್ಕೆ ಮಕ್ಕಳು ಆಡುವ ಬಣ್ಣದ ಜೇಡಿಯ ಉಂಡೆ ಒಂದು ಅಂಟಿಸಿ. ಕ್ಲಚ್ ಇಲ್ಲದೆ ಗೇರ್‌ಬಾಕ್ಸನ್ನು ಬ್ಲಾಕ್‌ಗೆ ಪೂರ್ತಿ ಮುಟ್ಟಿಸಿ, ಆಮೇಲೆ ತೆಗೆಯಿರಿ. ಜೇಡಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ಇದೆ ಅಂತ ಅರ್ಥ. ಲೆಕ್ಕ ಹಾಕಿ ತಪ್ಪುವುದಕ್ಕಿಂತ ಇದು ಒಳ್ಳೆಯದು.

ಎರಡು ಪೆಡಲ್
ಒಂದು ಪ್ರಶ್ನೆ. ಇಷ್ಟೆಲ್ಲಾ ಒದ್ದಾಡುವ ಬದಲು ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೂ ಸೇರಿಸಿ ಹಾಕಿಬಿಡಬಹುದಲ್ವಾ?

ವೈರಿಂಗ್ ಹುಚ್ಚು
ಬೇಡ. ಆಗ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್, ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದ ಶಾಫ್ಟ್), ಗೇರ್ ಲಿವರ್, ಎಣ್ಣೆ ತಣ್ಣಗಾಗಿಸುವ ಪೈಪು ಎಲ್ಲಾ ಬದಲಾಗುತ್ತೆ. ಇವರ ಗಾಡಿ ಮ್ಯಾನುಯಲ್ ಆಗಿರುವುದರಿಂದ ಎಲೆಕ್ಟ್ರಿಕಲ್ ಕೆಲಸ ಬಹುಪಾಲು ಉಳಿಯಿತು. ಅದು ದೊಡ್ಡ ಅದೃಷ್ಟ.

ಆದರೂ ತಿರುಗುಚಕ್ರ, ಸೆನ್ಸರ್‌ಗಳನ್ನು ಒಂದೊಂದಾಗಿ ಹೋಲಿಸಿ. ಮುಖ್ಯವಾಗಿ ಕ್ರ್ಯಾಂಕ್ ಸೆನ್ಸರ್. ಕೆಲವು ಇಂಜಿನ್‌ಗಳಲ್ಲಿ ಅದು ಮುಂದಿನ ಪುಲ್ಲಿಯ ಹಲ್ಲು ಓದುತ್ತೆ, ಕೆಲವುದರಲ್ಲಿ ಹಿಂದಿನ ಫ್ಲೈವೀಲ್‌ದು. 60 ಹಲ್ಲಿನ ಜಾಗದಲ್ಲಿ 2 ಬಿಟ್ಟಿರುವುದು ಒಂದು ಮಾದರಿ, 36ರಲ್ಲಿ 1 ಬಿಟ್ಟಿರುವುದು ಇನ್ನೊಂದು. ಆ ಖಾಲಿ ಜಾಗ ನೋಡಿಯೇ ಇಸಿಯು ಪಿಸ್ಟನ್ ಎಲ್ಲಿದೆ ಅಂತ ತಿಳಿದುಕೊಳ್ಳುವುದು. ಸೆನ್ಸರ್ ಓದುವ ಹಲ್ಲಿಲ್ಲದ ಫ್ಲೈವೀಲ್ ಹಾಕಿದರೆ ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ. ನಿಮ್ಮ ಸ್ವಂತ ಫ್ಲೈವೀಲ್ ಹಾಕಿದರೆ ಈ ತೊಂದರೆ ಇರಲ್ಲ.

ಕ್ಲಚ್‌ಗೆಳತಿ
ನಡುವೆ ಬರ್ತಾ ಇದ್ದೀನಿ, ನನ್ನದು ಉಲ್ಟಾ ಕೇಸ್. ನನ್ನ ಆಟೋಮ್ಯಾಟಿಕ್ ಗಾಡಿಯ ಇಂಜಿನ್ ಚೆನ್ನಾಗಿದೆ, ಗೇರ್‌ಬಾಕ್ಸ್ ಹೋಗಿದೆ. ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿಸಬೇಕು ಅಂತ ಆಸೆ. ಯಾರಾದರೂ ಮಾಡಿದ್ದೀರಾ?

ವೈರಿಂಗ್ ಹುಚ್ಚು
ಮಾಡಿದ್ದೇನೆ ಅಕ್ಕ. ಇಂಜಿನ್ ಕಡೆ ಕೆಲಸ ಮೇಲೆ ಹೇಳಿದ್ದೇ. ಉಳಿದದ್ದು ಗಾಡಿ ತುಂಬಾ ಹರಡಿಕೊಳ್ಳುತ್ತೆ. ಕ್ಲಚ್ ಪೆಡಲ್ ಮತ್ತು ಅದರ ಬ್ರಾಕೆಟ್, ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್, ನಡುವಿನ ಪೈಪ್. ಗೇರ್‌ಬಾಕ್ಸ್ ಕೂರುವ ಅಡ್ಡ ಪಟ್ಟಿ ಬೇರೆ ಇರಬಹುದು. ಹಿಂದಿನ ಡ್ರೈವ್ ಆದರೆ ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಬದಲಾಗಬಹುದು. ಮುಂದಿನ ಡ್ರೈವ್ ಆದರೆ ಡ್ರೈವ್ ಶಾಫ್ಟ್ ನೋಡಬೇಕು.

ಎಲೆಕ್ಟ್ರಿಕಲ್ ಕಡೆ ಮೊದಲು ಸಿಗುವ ತೊಂದರೆ ಎಂದರೆ ಸೆಲ್ಫೇ ಹೊಡೆಯಲ್ಲ. ಆಟೋಮ್ಯಾಟಿಕ್‌ನಲ್ಲಿ ಲಿವರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್ ಒಂದಿದೆ. ಗೇರ್‌ಬಾಕ್ಸ್ ಜೊತೆ ಅದೂ ಹೋಯಿತಲ್ಲ. ಕೆಲವರು ಎರಡು ವೈರ್ ಸೇರಿಸಿ ಕಟ್ಟಿಬಿಡ್ತಾರೆ. ಹಾಗೆ ಮಾಡಬೇಡಿ, ಗೇರಿನಲ್ಲಿರುವಾಗ ಕೀ ತಿರುಗಿಸಿದರೆ ಗಾಡಿ ಮುಂದಕ್ಕೆ ನುಗ್ಗುತ್ತೆ. ಅದೇ ವೈರನ್ನು ಕ್ಲಚ್ ಪೆಡಲ್‌ನ ಸ್ವಿಚ್‌ಗೆ ಕೊಡಿ. ರಿವರ್ಸ್ ಲೈಟ್ ವೈರನ್ನು ಹೊಸ ಗೇರ್‌ಬಾಕ್ಸ್‌ನ ಸ್ವಿಚ್‌ಗೆ ಕೊಡಿ.

ಆಮೇಲೆ ಇಸಿಯು. ಹಳೇ ಗಾಡಿ ಆದರೆ ಸುಲಭ. ಹೊಸ ಗಾಡಿಯಲ್ಲಿ ಇಂಜಿನ್ ಇಸಿಯು ಮತ್ತು ಗೇರ್‌ಬಾಕ್ಸ್ ಇಸಿಯು ಕ್ಯಾನ್ ಲೈನ್‌ನಲ್ಲಿ (ಇಸಿಯುಗಳ ನಡುವಿನ ಡೇಟಾ ವೈರ್) ಸದಾ ಮಾತಾಡುತ್ತಿರುತ್ತವೆ. ಗೇರ್ ಬದಲಾಗುವಾಗ "ಸ್ವಲ್ಪ ಟಾರ್ಕ್ ಇಳಿಸು" ಅಂತ ಗೇರ್‌ಬಾಕ್ಸ್ ಇಸಿಯು ಇಂಜಿನ್ ಇಸಿಯುಗೆ ಹೇಳುತ್ತೆ. ಒಂದು ಕಡೆಯವರು ಇದ್ದಕ್ಕಿದ್ದಂತೆ ಸುಮ್ಮನಾದರೆ ವಾರ್ನಿಂಗ್ ಲೈಟ್ ಹತ್ತಿ ಇಂಜಿನ್ ಲಿಂಪ್ ಮೋಡ್‌ಗೆ (ಶಕ್ತಿ ಇಳಿಸಿಕೊಂಡು ಓಡುವ ಸ್ಥಿತಿ) ಹೋಗಬಹುದು. ಮ್ಯಾನುಯಲ್ ಗಾಡಿಯ ಇಸಿಯು ತರಬೇಕು, ಇಲ್ಲಾ ಇರುವುದನ್ನೇ ಮ್ಯಾನುಯಲ್‌ಗೆ ಕೋಡಿಂಗ್ ಮಾಡಿಸಬೇಕು. ಬೇರೆ ಇಸಿಯು ತಂದರೆ ಕೀಲಿಯ ಇಮ್ಮೊಬಿಲೈಸರ್ ಕೂಡ ಹೊಂದಿಸಬೇಕು. ಇದನ್ನು ಮಾಡಿಕೊಡುವವರು ಸಿಕ್ಕಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಮೂರು ಪೆಡಲ್
ಅಕ್ಕ, ಒಂದು ಮಾತು. ಒಂದು ಮ್ಯಾನುಯಲ್ ಗಾಡಿ, ಬಾಡಿ ಕೆಟ್ಟಿದ್ದರೂ ಪರವಾಗಿಲ್ಲ, ಇಡಿಯಾಗಿ ತಗೊಳ್ಳಿ. ಪೆಡಲ್‌ನಿಂದ ಹಿಡಿದು ಚಿಕ್ಕ ಕ್ಲಿಪ್‌ವರೆಗೆ ಎಲ್ಲಾ ಅದರಲ್ಲೇ ಸಿಗುತ್ತೆ. ಬಿಡಿ ಬಿಡಿಯಾಗಿ ಹುಡುಕುತ್ತಾ ಕೂತರೆ ಒಂದು ಬ್ರಾಕೆಟ್‌ಗೋಸ್ಕರ ತಿಂಗಳುಗಟ್ಟಲೆ ಗಾಡಿ ನಿಂತಿರುತ್ತೆ.

ಎರಡು ಪೆಡಲ್
ನನಗೆ ಅರ್ಥವಾಗದ್ದು ಅಂದರೆ, ಆಟೋಮ್ಯಾಟಿಕ್ ಗಾಡಿಯನ್ನು ಮ್ಯಾನುಯಲ್ ಮಾಡುವ ಆಸೆ ಯಾಕೆ? ನನ್ನ ಎಡ ಮಂಡಿ ಆಪರೇಷನ್ ಆದಮೇಲೆ ಆಟೋಮ್ಯಾಟಿಕ್ ಇಲ್ಲದಿದ್ದರೆ ನಾನು ಗಾಡಿಯೇ ಓಡಿಸುತ್ತಿರಲಿಲ್ಲ. ಅದು ಸೋಮಾರಿಗಳ ಗಾಡಿ ಅನ್ನುವವರನ್ನು ಕಂಡರೆ ಬೇಜಾರಾಗುತ್ತೆ.

ಮೂರು ಪೆಡಲ್
ಸೋಮಾರಿಗಳದ್ದು ಅಂತ ಇಲ್ಲಿ ಯಾರೂ ಹೇಳಿಲ್ಲ ಸರ್. ಆದರೆ ಗೇರ್ ನಾನೇ ಹಾಕಿದಾಗ ಇಂಜಿನ್ ಏನು ಮಾಡ್ತಿದೆ ಅಂತ ಕೈಗೆ, ಕಾಲಿಗೆ ಗೊತ್ತಾಗುತ್ತೆ. ಅದು ನನಗೆ ಮುಖ್ಯ. ಕನ್ವರ್ಟರ್ ಎಂದರೆ ನಡುವೆ ಎಣ್ಣೆ, ಅಷ್ಟೆ. ಎಷ್ಟು ಶಕ್ತಿ ಬಿಸಿಯಾಗಿ ಹೋಗುತ್ತೆ ಅದರಲ್ಲಿ.

ಲೇತ್ ಕೆಲಸ
ಬರೀ ಎಣ್ಣೆ ಅಲ್ಲಪ್ಪ. ನಿಂತಲ್ಲಿಂದ ಹೊರಡುವಾಗ ಕನ್ವರ್ಟರ್ ಟಾರ್ಕನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತೆ, ಕ್ಲಚ್ ಹಾಗೆ ಕೊಡಲ್ಲ. ಈಗಿನವುಗಳಲ್ಲಿ ವೇಗ ಹಿಡಿದ ಮೇಲೆ ಒಳಗಿನ ಲಾಕಪ್ ಕ್ಲಚ್ ಕೂತು ಜಾರುವುದೂ ನಿಲ್ಲುತ್ತೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡರು, ಅದೂ ಹಡಗಿಗೋಸ್ಕರ. ಅಂಥ ಯಂತ್ರವನ್ನು ತಿಳಿಯದೆ ಹೀಗಳೆಯೋದು ಸರಿಯಲ್ಲ.

ಮಂಡಿನೋವು ಇರುವವರಿಗೆ ಅದು ಬೇಕು, ಮೂರು ಪೆಡಲ್‌ಗೆ ಇದು ಬೇಕು. ಮೂಲ ಪ್ರಶ್ನೆಗೆ ಬರೋಣ.

ಓದಿ ತಿಳಿದವ
ಮೂಲ ಪ್ರಶ್ನೆಗೇ ಬರ್ತೀನಿ. "ಆಟೋಮ್ಯಾಟಿಕ್" ಅಂದರೆ ಯಾವ ಆಟೋಮ್ಯಾಟಿಕ್ ಅಂತ ಮೊದಲು ನೋಡಬೇಕು. ಎಎಂಟಿ ಆದರೆ ಅದು ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ಚನ್ನು ಮೋಟಾರ್ ಒತ್ತುತ್ತೆ ಅಷ್ಟೆ. ಅದರ ಇಂಜಿನ್ ಹಿಂದೆ ಫ್ಲೈವೀಲ್ ಇದ್ದೇ ಇರುತ್ತೆ. ಇವರು ತೆಳು ತಟ್ಟೆ ಅಂದಿದ್ದರಿಂದ ಕನ್ವರ್ಟರ್ ಇದ್ದದ್ದೇ ಅನ್ನಿಸುತ್ತೆ.

ಇನ್ನೊಂದು. ಇಂಜಿನ್ ಹೆಸರು ಒಂದೇ ಇದ್ದರೂ ಒಳಗೆ ಬೇರೆ ಇರಬಹುದು. ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ 1.6 ಲೀಟರ್ ಇಂಜಿನ್ ಅಮೆರಿಕದಲ್ಲಿ ಮ್ಯಾನುಯಲ್‌ನಲ್ಲಿ 116 ಹಾರ್ಸ್‌ಪವರ್, ಆಟೋಮ್ಯಾಟಿಕ್‌ನಲ್ಲಿ 105. ಕೆಳಗಿನ ವೇಗದಲ್ಲಿ ಎಳೆತ ಸಿಗಲಿ ಅಂತ ಟ್ಯೂನಿಂಗ್ ಬದಲಿಸಿದ್ದು. ಕೂರೋದು ಕೂರುತ್ತೆ, ಓಟ ಸ್ವಲ್ಪ ಬೇರೆ ಅನ್ನಿಸಬಹುದು. ಎರಡು ಇಂಜಿನ್‌ನ ಕ್ಯಾಮ್ ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್) ಮೇಲಿನ ಗುರುತು ಹೋಲಿಸಿ.

ಶನಿವಾರದ ಮೆಕ್ಯಾನಿಕ್
ಮ್ಯಾನುಯಲ್ ಬಂದೇ ಇಲ್ಲದ ಇಂಜಿನ್‌ಗೂ ಜನ ಹಾಕ್ತಾರೆ. ಟೊಯೋಟಾದ 1ಯುಝಡ್-ಎಫ್ಇ, 4 ಲೀಟರ್ ವಿ8. 1989ರಲ್ಲಿ ಲೆಕ್ಸಸ್ ಎಲ್ಎಸ್ 400 ಜೊತೆ ಬಂತು. ಕಂಪನಿ ಅದಕ್ಕೆ ಮ್ಯಾನುಯಲ್ ಕೊಡಲೇ ಇಲ್ಲ. ಆದರೂ ಅಡಾಪ್ಟರ್ ಬೆಲ್ ಹೌಸಿಂಗ್, ಅದಕ್ಕೆ ತಕ್ಕ ಫ್ಲೈವೀಲ್ ಮಾಡಿ ಸುಪ್ರಾದ ಆರ್154 ಗೇರ್‌ಬಾಕ್ಸ್ ಕೂರಿಸುತ್ತಾರೆ. ಅದಕ್ಕೆ ಹೋಲಿಸಿದರೆ ನಿಮ್ಮದು ಸುಲಭ, ಬೆಲ್ ಹೌಸಿಂಗ್ ಬೋಲ್ಟ್‌ಗಳಾದರೂ ಹೊಂದುತ್ತವೆ.

ತಿರುಗುಚಕ್ರ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅಳೆದೆ. ಹಳೇ ಕ್ರ್ಯಾಂಕ್‌ನಲ್ಲಿ ಬೇರಿಂಗ್ ತೆಗೆದ ಮೇಲೆ ತೂತು ದೊಡ್ಡದಿದೆ. ಹೊಸದರಲ್ಲಿ ಚಿಕ್ಕದು, ಸುಮಾರು 6 ಮಿಲಿಮೀಟರ್ ಕಡಿಮೆ. ಎದೆ ಧಸಕ್ಕೆಂದಿತು. ಶಾಫ್ಟ್ ತುದಿಯನ್ನೇ ಲೇತ್‌ನಲ್ಲಿ ಸಣ್ಣ ಮಾಡಿಸಬಹುದಾ?

ಲೇತ್ ಕೆಲಸ
ಸ್ವಲ್ಪ ತಾಳಿ. ಶಾಫ್ಟ್ ಮುಟ್ಟಬೇಡಿ. ಅದರ ಮೇಲ್ಪದರ ಗಟ್ಟಿ ಮಾಡಿರುತ್ತಾರೆ. ಬೇರಿಂಗ್ ಓಡುವ ಜಾಗದಲ್ಲಿ ಆ ಪದರ ತೆಗೆದರೆ ಬೇಗ ಸವೆಯುತ್ತೆ.

ಮೊದಲು ಆ ತೂತಿನ ಬಾಯನ್ನು ಚೆನ್ನಾಗಿ ಒರೆಸಿ ಟಾರ್ಚ್ ಹಾಕಿ ನೋಡಿ. ಉಂಗುರದ ಹಾಗೆ ಗೆರೆ ಕಾಣುತ್ತಾ? ಕೆಲವು ಕಂಪನಿಗಳು ಎಲ್ಲಾ ಕ್ರ್ಯಾಂಕನ್ನೂ ಒಂದೇ ಥರ ಮೆಷಿನ್ ಮಾಡಿ, ಆಟೋಮ್ಯಾಟಿಕ್‌ಗೆ ಹೋಗುವುದಕ್ಕೆ ಮಾತ್ರ ಒಂದು ಸ್ಲೀವ್ ಒತ್ತಿ ಕೂರಿಸಿರುತ್ತಾರೆ.

ತಿರುಗುಚಕ್ರ
ಗೆರೆ ಇದೆ! ಸ್ಲೀವೇ ಅದು. ಹೇಗೆ ತೆಗೆಯೋದು?

ಗ್ರೀಸ್ ಕೈ
ತೂತಿನ ತುಂಬಾ ಗ್ರೀಸ್ ತುಂಬಿ. ಸ್ಲೀವ್ ಒಳಗೆ ಬಿಗಿಯಾಗಿ ಹಿಡಿಯುವ ರಾಡ್ ಒಂದು ತಗೊಂಡು ಸುತ್ತಿಗೆಯಿಂದ ಹೊಡೆಯಿರಿ. ಗ್ರೀಸ್‌ಗೆ ಹೋಗೋಕೆ ಬೇರೆ ಜಾಗ ಇರಲ್ಲ, ಹಿಂದಿನಿಂದ ಸ್ಲೀವನ್ನೇ ಹೊರಗೆ ತಳ್ಳುತ್ತೆ. ಕನ್ನಡಕ ಹಾಕಿಕೊಳ್ಳಿ, ಗ್ರೀಸ್ ಮುಖಕ್ಕೆ ಎರಚುತ್ತೆ. ಆಮೇಲೆ ತೂತನ್ನು ಪೂರ್ತಿ ಸ್ವಚ್ಛ ಮಾಡಿ, ಉಳಿದ ಗ್ರೀಸ್ ಕ್ಲಚ್ ಪ್ಲೇಟ್ ಮೇಲೆ ಬಂದರೆ ಪ್ಲೇಟ್ ಹಾಳು.

ಹತ್ತುಹನ್ನೊಂದು ಪಾನಾ
ಸ್ಲೀವ್ ವಿಷಯ ನನಗೂ ಗೊತ್ತಿರಲಿಲ್ಲ, ಒಳ್ಳೆದಾಯ್ತು. ಫ್ಲೈವೀಲ್‌ಗೆ ಯಾವ ಬೋಲ್ಟ್ ಹಾಕ್ತಾ ಇದ್ದೀರಿ? ಫ್ಲೆಕ್ಸ್ ಪ್ಲೇಟ್‌ದನ್ನೇ ಹಾಕಿಬಿಡಬೇಡಿ. ಪ್ಲೇಟ್ ತೆಳು, ಬೋಲ್ಟ್ ಗಿಡ್ಡ. ದಪ್ಪ ಫ್ಲೈವೀಲ್ ದಾಟಿ ಕ್ರ್ಯಾಂಕ್‌ನಲ್ಲಿ ಎರಡು ಮೂರು ಸುತ್ತು ಮಾತ್ರ ಹಿಡಿಯುತ್ತೆ.

ಲೇತ್ ಕೆಲಸ
ಸರಿಯಾದ ಮಾತು. ಹಳೇ ಫ್ಲೈವೀಲ್ ಬೋಲ್ಟನ್ನೂ ಸುಮ್ನೆ ಹಾಕಬೇಡಿ. ತುಂಬಾ ಇಂಜಿನ್‌ಗಳಲ್ಲಿ ಅವು ಬಿಗಿ ಮಾಡಿದಾಗ ಸ್ವಲ್ಪ ಹಿಗ್ಗುವ ಜಾತಿಯವು, ಒಂದೇ ಸಲಕ್ಕೆ. ಹೊಸದು ತಗೊಳ್ಳಿ, ಟಾರ್ಕ್ ರೆಂಚ್‌ನಲ್ಲಿ ಗಾಡಿಯ ಸರ್ವಿಸ್ ಪುಸ್ತಕ ಹೇಳಿದಷ್ಟೇ ಬಿಗಿ ಮಾಡಿ. ಬೋಲ್ಟ್‌ನ ತೂತು ಕ್ರ್ಯಾಂಕ್ ಕೇಸ್‌ವರೆಗೆ ಹೋಗಿದ್ದರೆ ಥ್ರೆಡ್‌ಗೆ ಸೀಲಂಟ್ ಹಚ್ಚಿ. ಇಲ್ಲದಿದ್ದರೆ ಆಯಿಲ್ ಅಲ್ಲಿಂದಲೇ ಜಿನುಗುತ್ತೆ.

ಹಿಂದಿನ ಆಯಿಲ್ ಸೀಲ್ ಈಗಲೇ ಬದಲಿಸಿ. ಕ್ರ್ಯಾಂಕನ್ನು ಹಿಂದೆ ಮುಂದೆ ತಳ್ಳಿ ಡಯಲ್ ಗೇಜ್‌ನಲ್ಲಿ ಆಟ ನೋಡಿ. ಮ್ಯಾನುಯಲ್‌ನಲ್ಲಿ ಕ್ಲಚ್ ಒತ್ತಿದಾಗಲೆಲ್ಲಾ ಥ್ರಸ್ಟ್ ಬೇರಿಂಗ್ ಮೇಲೆ ಭಾರ ಬೀಳುತ್ತೆ, ಸವೆದಿರುವುದನ್ನು ಹಾಕಿ ಪ್ರಯೋಜನವಿಲ್ಲ.

ಓದಿ ತಿಳಿದವ
ಬ್ಯಾಲೆನ್ಸ್ ಯಾರೂ ಹೇಳಲಿಲ್ಲ. ಕೆಲವು ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ತೂಕ ಹೊಂದಿಸುವುದಕ್ಕೆ ಫ್ಲೈವೀಲ್‌ನಲ್ಲೇ ಒಂದು ಕಡೆ ಭಾರ ಇಟ್ಟಿರುತ್ತಾರೆ. ಫೋರ್ಡ್ 302 ವಿ8ನಲ್ಲಿ ಹಳೆಯವು 28 ಔನ್ಸ್-ಇಂಚು, 1980ರ ದಶಕದಲ್ಲಿ ಬಂದವು 50. ಅದಕ್ಕೆ ಇದನ್ನು ಹಾಕಿದರೆ ಇಡೀ ಗಾಡಿ ನಡುಗುತ್ತೆ. ನಿಮ್ಮ ಎರಡೂ ಇಂಜಿನ್ ಒಂದೇ ಆವೃತ್ತಿಯದ್ದು ಅಂತ ಖಚಿತ ಮಾಡಿಕೊಳ್ಳಿ.

ತಿರುಗುಚಕ್ರ
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಸ್ಲೀವ್ ಆರನೇ ಏಟಿಗೆ ಹೊರಗೆ ಬಂತು. ಒಳಗಿನ ತೂತು ಹಳೇ ಕ್ರ್ಯಾಂಕ್‌ನದ್ದೇ ಅಳತೆ. ಜೇಡಿ ಇಟ್ಟು ನೋಡಿದೆ, 4 ಮಿಲಿಮೀಟರ್ ಉಳಿಯಿತು. ಹೊಸ ಪೈಲಟ್ ಬೇರಿಂಗ್, ಹೊಸ ಸೀಲ್, ಹೊಸ ಬೋಲ್ಟ್, ಫ್ಲೈವೀಲ್ ಮುಖ ಲೇತ್‌ನಲ್ಲಿ ಸಮ ಮಾಡಿಸಿದ್ದು, ಎಲ್ಲಾ ಆಯಿತು. ಇಂಜಿನ್ ಇಳಿಸಿ ಗೇರ್‌ಬಾಕ್ಸ್ ತಳ್ಳಿದರೆ ಕೈಯಲ್ಲೇ ಹೋಗಿ ಮುಟ್ಟಿತು.

ಆದರೆ ಕೀ ತಿರುಗಿಸಿದಾಗ ಸೆಲ್ಫ್ ಗರಗರ ಅಂತ ಕೆಟ್ಟ ಸದ್ದು. ಹಲ್ಲು ಸರಿಯಾಗಿ ಕೂರುತ್ತಿಲ್ಲ. ಹಳೇ ಸೆಲ್ಫೇ, ಹಳೇ ಫ್ಲೈವೀಲೇ. ಏನಿರಬಹುದು?

ಗ್ರೀಸ್ ಕೈ
ಬ್ಲಾಕ್‌ಗೂ ಬೆಲ್ ಹೌಸಿಂಗ್‌ಗೂ ನಡುವೆ ತಗಡಿನ ಬ್ಯಾಕ್ ಪ್ಲೇಟ್ ಬರುತ್ತಲ್ಲ, ಹಳೇ ಇಂಜಿನ್‌ದನ್ನು ಹಾಕಿದಿರಾ?

ತಿರುಗುಚಕ್ರ
ಹೊಸ ಇಂಜಿನ್‌ನಲ್ಲಿ ಒಂದು ಇತ್ತು, ಅದನ್ನೇ ಬಿಟ್ಟೆ. ಹಳೆಯದು ಇಲ್ಲೇ ಗೋಡೆಗೆ ಒರಗಿಸಿಟ್ಟಿದೆ. ಈಗ ಅಳೆದೆ. ಹಳೆಯದರಲ್ಲಿ ಸೆಲ್ಫ್ ಕೂರುವ ಜಾಗ ದಪ್ಪ, ಹೊಸದರಲ್ಲಿ ತೆಳು.

ಗ್ರೀಸ್ ಕೈ
ಅದೇ. ಸೆಲ್ಫ್ ಅಷ್ಟು ಒಳಗೆ ಬಂದುಬಿಟ್ಟಿದೆ. ಇಳಿಸಲೇಬೇಕು, ಫ್ಲೈವೀಲ್ ಬಿಚ್ಚದೆ ಆ ಪ್ಲೇಟ್ ಬರಲ್ಲ. ಬೋಲ್ಟ್ ಮತ್ತೆ ಹೊಸದು. ಬೇಜಾರಾಗಬೇಡಿ, ಸೆಲ್ಫ್ ಮತ್ತು ರಿಂಗ್‌ನ ಹಲ್ಲು ಮುರಿಯುವ ಮೊದಲೇ ನಿಲ್ಲಿಸಿದಿರಿ. ಗೇರ್‌ಬಾಕ್ಸ್ ತೆಗೆಯುವಾಗ ಜ್ಯಾಕ್ ಕೊಡಿ, ಶಾಫ್ಟ್ ಮೇಲೆ ನೇತಾಡಿಸಿದರೆ ಕ್ಲಚ್ ಪ್ಲೇಟ್‌ನ ನಡುಭಾಗ ಬಾಗುತ್ತೆ.

ಕ್ಲಚ್‌ಗೆಳತಿ
ನಾನು ಇದನ್ನೂ ನನ್ನ ಪಟ್ಟಿಗೆ ಸೇರಿಸಿದೆ. ಇಸಿಯು ಕೋಡಿಂಗ್ ಮಾಡುವವರು ಒಬ್ಬರು ಸಿಕ್ಕಿದ್ದಾರೆ, ಗಾಡಿ ನೋಡಿ ಆಗುತ್ತೆ ಅಂದರು. ನನ್ನದಕ್ಕೆ ಬೇರೆ ಚರ್ಚೆ ಶುರು ಮಾಡ್ತೀನಿ.

ತಿರುಗುಚಕ್ರ
ಪ್ಲೇಟ್ ಬದಲಿಸಿದೆ. ಎರಡು ದಿನ ಹಿಡಿಯಿತು. ಸೆಲ್ಫ್ ಮೊದಲಿನ ಹಾಗೇ ಹೊಡೆಯುತ್ತಿದೆ, ಇಂಜಿನ್ ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಗೇರ್ ಬೆಣ್ಣೆ ಹಾಗೆ ಬೀಳ್ತಾ ಇದೆ. ಒಂದೇ ಅನುಮಾನ. ನ್ಯೂಟ್ರಲ್‌ನಲ್ಲಿ ನಿಂತಾಗ ಸಣ್ಣ ಗುಂಯ್ ಸದ್ದು ಬರುತ್ತೆ, ಕ್ಲಚ್ ಒತ್ತಿದರೆ ನಿಲ್ಲುತ್ತೆ. ಪೈಲಟ್ ಬೇರಿಂಗಾ?

ಲೇತ್ ಕೆಲಸ
ಅಲ್ಲ. ಪೈಲಟ್ ಬೇರಿಂಗ್ ಆಗಿದ್ದರೆ ಗೇರ್ ಹಾಕಿ ಕ್ಲಚ್ ಒತ್ತಿ ನಿಂತಾಗ ಸದ್ದು ಬರಬೇಕಿತ್ತು. ಕ್ರ್ಯಾಂಕ್ ತಿರುಗುತ್ತಾ ಶಾಫ್ಟ್ ನಿಂತಿರುವುದು ಆಗಲೇ. ನಿಮ್ಮದು ಒತ್ತಿದಾಗ ನಿಲ್ಲುತ್ತೆ ಅಂದರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಬೇರಿಂಗ್ ಕಡೆಯದ್ದು. ಹೊಸ ಇಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಗೇರ್ ಆಯಿಲ್ ಯಾವಾಗ ಬದಲಿಸಿದ್ದು?

ತಿರುಗುಚಕ್ರ
ಈ ಸಲ ಬದಲಿಸಲಿಲ್ಲ. ಇಳಿಸುವಾಗ ಸ್ವಲ್ಪ ಸೋರಿತ್ತು ಕೂಡ.

ಲೇತ್ ಕೆಲಸ
ಮೊದಲು ಅದನ್ನು ನೋಡಿ. ಪಕ್ಕದ ಲೆವೆಲ್ ಬೋಲ್ಟ್ ಬಿಚ್ಚಿ, ಬಾಯಿವರೆಗೆ ಇರಬೇಕು.

ತಿರುಗುಚಕ್ರ
ಮುಕ್ಕಾಲು ಲೀಟರ್ ಕಡಿಮೆ ಇತ್ತು. ಎಲ್ಲಾ ಇಳಿಸಿ ಹೊಸದು ತುಂಬಿಸಿದೆ. ಸದ್ದು ಈಗ ಕಿವಿ ಕೊಟ್ಟರೆ ಮಾತ್ರ ಕೇಳುತ್ತೆ. ನಾಳೆ ಮನೆಯವರನ್ನು ಕೂರಿಸಿಕೊಂಡು 100 ಕಿಲೋಮೀಟರ್ ಓಡಿಸಿ ಬರ್ತೀನಿ.